ನಾಲ್ಕು ಇಂಚು ಕಡಿಮೆ

ಇಂಡಿ
25 ನವೆಂಬರ್ 2001, ರವಿವಾರ

ಪ್ರೀತಿಯ ವಿಜಿ,

ಇಲ್ಲಿಂದ ಜಪಾನಿನವರೆಗೆ ಕೈ ಚಾಚಲಾಗದಿದ್ದರೂ ನಿನ್ನ ತಲೆಯ ಮೇಲೆ ಕೈಯಿಟ್ಟೇ ಈ ಪತ್ರ ಸುರು ಮಾಡಿದ್ದೇನೆ ಎಂದು ತಿಳಿ.

ಮೈಯಲ್ಲಿ ಹೇಗಿದ್ದೀ? ‘ಆರಾಮ ಇದ್ದೇನೆ’ ಎಂದು ಬರೆಯಬೇಡ. ಹಿಂದಿನ ಮೂರು ಪತ್ರಗಳಲ್ಲೂ ಅದೊಂದೇ ಮಾತು ಬರೆದಿದ್ದೀ, ಅದನ್ನು ನಂಬುವುದನ್ನು ನಾನು ಯಾವಾಗಲೋ ಬಿಟ್ಟಿದ್ದೇನೆ. ಹಿಮ್ಮಡಿಯ ನೋವು ಕಡಿಮೆಯಾಯಿತೇ, ಅಲ್ಲಿಯ ಚಳಿಗೆ ಕೈ ಬಿರಿಯುತ್ತವೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ಇವನ್ನೆಲ್ಲ ಬಿಡಿಬಿಡಿಸಿ ಬರೆ. ಈ ಗಂಟಿನಲ್ಲಿ ಶೇಂಗಾ ಹಿಂಡಿ ಮತ್ತು ಅಗಸಿ ಹಿಂಡಿ ಎರಡೆರಡು ಪೊಟ್ಟಣ ಇಟ್ಟಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಬಲಗಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಹಿತ್ತಲಿನಲ್ಲಿ ನೀನು ಕಸಿ ಕಟ್ಟಿ ಹೋದ ಎರಡು ನಿಂಬೆಗಿಡಗಳಲ್ಲಿ ಒಂದು ಚೆನ್ನಾಗಿ ಚಿಗುರಿದೆ, ಇನ್ನೊಂದು ಸತ್ತಿತು. ನಿನಗೆ ಬೇಸರವಾದೀತೆಂದು ಶ್ರೀಶೈಲ ಎರಡೂ ಚಿಗುರಿವೆ ಎಂದು ಫೋನಿನಲ್ಲಿ ಹೇಳಿದ. ಅವನು ಹೇಳುವುದನ್ನು ಎದುರಿಗೆ ನಿಂತು ಕೇಳಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಎಂಬುದು ಈ ತಿಂಗಳು ನನಗೆ ಗೊತ್ತಾಗಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ನೀನು ಏಪ್ರಿಲ್‌ನಲ್ಲಿ ಒಂದು ವರ್ಷದ ನಿಂಬೆ ತೋಟದ ತರಬೇತಿಗೆಂದು ಹೋದಾಗ ಆರು ಚೂಡಿದಾರ ಹೊಲಿದು ಕೊಟ್ಟಿದ್ದೆ, ನೆನಪಿದೆಯಲ್ಲ. ತೆಳ್ಳನೆಯ ಹತ್ತಿಯವು. ಆಗ ನಿನ್ನನ್ನು ಹಿತ್ತಲ ಬಾಗಿಲಿನಲ್ಲಿ ನಿಲ್ಲಿಸಿ ನಾನೇ ಅಳತೆ ತೆಗೆದಿದ್ದೆ. ಎದೆ ನಲವತ್ತೇಳು, ಭುಜ ಹದಿನಾರು, ತೋಳಿನ ಸುತ್ತು ಹದಿನೇಳು. ಸಿಂದಗಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಕಲಿಸಿದವಳು ನಾನು, ಒಮ್ಮೆ ಟೇಪು ಹಿಡಿದ ಮೈಯನ್ನು ಮರೆಯುವುದಿಲ್ಲ. ಅಲ್ಲಿ ಹೋದ ತಿಂಗಳಲ್ಲೇ ನೀನು ನನಗೆ ಎರಡೂವರೆ ಪುಟದ ಪತ್ರ ಬರೆದಿದ್ದೆ. ಅಲ್ಲಿಯ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಳತೆಯ ಅಂಗಿ ನಿನ್ನ ಭುಜದಲ್ಲೇ ಸಿಕ್ಕಿಕೊಂಡಿತು, ಅಂಗಡಿಯ ಹುಡುಗಿ ಎರಡು ಬೆರಳು ಅಡ್ಡಡ್ಡ ಹಿಡಿದು ಇಲ್ಲವೆಂದು ತೋರಿಸಿ ನಾಲ್ಕು ಸಲ ಬಗ್ಗಿ ನಮಸ್ಕಾರ ಮಾಡಿದಳು, ಅವಳು ಅಷ್ಟು ಬಗ್ಗದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ ಎಂದು ಬರೆದಿದ್ದೆ. ಮುಂದಿನ ಅಂಗಡಿಯಲ್ಲಿ ನೀನು ಬಾಗಿಲು ದಾಟುವ ಮೊದಲೇ ಬೆರಳು ಅಡ್ಡ ಬಂದವಂತೆ. ಕೊನೆಗೆ ಗಂಡಸರ ಅಂಗಿ ಕೊಂಡೆ, ಎದೆ ಬಿಗಿ, ತೋಳು ಬೆರಳು ಮುಚ್ಚುವಷ್ಟು ಉದ್ದ, ಮಡಚಿದರೂ ತೋಟದ ಕೆಲಸದಲ್ಲಿ ಇಳಿಯುತ್ತದೆ ಎಂದಿದ್ದೆ. ನಾನು ಆ ಪತ್ರ ಓದಿ ನಕ್ಕೆ, ಆಮೇಲೆ ಮತ್ತೊಮ್ಮೆ ಓದಿದೆ. ಔಷಧ ಹೊಡೆಯುವಾಗ ಕಲೆಬಿದ್ದು ಚೂಡಿದಾರಗಳು ಹಾಳಾಗುತ್ತಿವೆ, ದಪ್ಪ ಬಟ್ಟೆಯ ಪೂರ್ತಿ ತೋಳಿನ ಅಂಗಿ, ಪೈಜಾಮ, ಒಂದು ಕೋಟು ಹೊಲಿದು ಕಳಿಸಲು ಸಾಧ್ಯವೇ ಎಂದು ಕೊನೆಯಲ್ಲಿ ಕೇಳಿದ್ದೆ. ಯಾವ ಸೊಸೆಯೂ ಅತ್ತೆಯನ್ನು ಅಷ್ಟು ಸಂಕೋಚಪಟ್ಟು ಏನನ್ನೂ ಕೇಳಿರಲಿಕ್ಕಿಲ್ಲ.

ಜೂನ್ ತಿಂಗಳಲ್ಲಿ ಶ್ರೀಶೈಲ ಝಳಕಿಯ ನಮ್ಮ ಅಂಗಡಿಯಿಂದ ಬಂದವನೇ ಒಂದು ಚೀಟಿ ಕೊಟ್ಟ. ನೀನು ಹೊಸ ಅಳತೆ ಹೇಳಿದ್ದೀ ಎಂದ. ಅವನದೇ ಅಕ್ಷರ. ಎದೆ ನಲವತ್ತೆರಡು, ಭುಜ ಹದಿನೈದು, ತೋಳಿನ ಸುತ್ತು ಹದಿನಾಲ್ಕು. ನಾನು ಚಾಳೀಸು ಹಾಕಿಕೊಂಡು ಮತ್ತೊಮ್ಮೆ ಓದಿದೆ. ಇದೇನು ಇಷ್ಟು ಇಳಿದಿದ್ದಾಳೆ ಎಂದು ಕೇಳಿದೆ. ಅಲ್ಲಿ ದಿನಕ್ಕೆ ಮೂರು ಮೈಲು ನಡೆಯುತ್ತಾಳೆ, ಎಣ್ಣೆ ಬೆಣ್ಣೆ ಇಲ್ಲ, ಬರೀ ಅನ್ನ ಸೊಪ್ಪು ತಿನ್ನುತ್ತಾಳೆ ಎಂದ. ಈಗ ನಿನ್ನ ಮುಂದೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಅಂಕಿ ನನಗೆ ಹಿತವಾಯಿತು. ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ನಮ್ಮ ಸೊಸೆ ಇಳಿದಿದ್ದಾಳೆ ಎಂದು ಹೇಳಿಬಂದೆ. ಲಗ್ನದ ದಿನ ನಿನ್ನ ಕುಪ್ಪಸದ ಬಟ್ಟೆ ಸಾಲದೆ ಬಂದಾಗ ಹೆಣ್ಣುಮಕ್ಕಳ ನಡುವೆ ಕೂತು ನಾನಾಡಿದ ಮಾತು ನಿನಗೂ ಗೊತ್ತು, ನಿನ್ನ ಅವ್ವನಿಗೂ ಗೊತ್ತು. ಏಳು ವರ್ಷವಾಯಿತು, ನೀನು ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ. ಆ ಮಾತು ಆಡಿದ ನಾಲಿಗೆಯೇ ಈ ಅಂಕಿ ನೋಡಿ ಖುಷಿಪಟ್ಟಿತು. ಚೀಟಿಯಲ್ಲಿ ಸಂಶಯ ಪಡಲು ಬೇಕಾದದ್ದೆಲ್ಲ ಇತ್ತು, ಆದರೆ ನಾನು ಕತ್ತರಿ ಹಾಕಿದೆ. ಜುಲೈನಲ್ಲಿ ನಾಲ್ಕು ಅಂಗಿ, ನಾಲ್ಕು ಪೈಜಾಮ ಹೋದವು. ಸಪ್ಟೆಂಬರಿನಲ್ಲಿ ಇನ್ನೊಂದು ಚೀಟಿ ಬಂತು, ಇನ್ನೂ ಅರ್ಧ ಇಂಚು ಕಡಿಮೆ. ಮತ್ತೆ ಮೂರು ಅಂಗಿ, ಒಂದು ಕೋಟು ಹೋದವು.

ಸಂಶಯ ಮೊದಲು ಬಂದದ್ದು ನಿನ್ನ ಪತ್ರಗಳಿಂದ. ಜುಲೈ ಗಂಟು ತಲುಪಿದ ಮೇಲೆ ಬಂದ ಪತ್ರ ಅರ್ಧ ಪುಟ. ‘ಅಂಗಿಗಳು ಬಂದವು, ಬಹಳ ಚೆನ್ನಾಗಿವೆ’ ಎಂದಿತ್ತು. ಅದನ್ನು ನಾನು ಎರಡು ದಿನ ತಿರುವಿ ಹಾಕಿದೆ. ಚೆನ್ನಾಗಿವೆ ಎಂದು ಬರೆದಿದ್ದೀ, ಚೆನ್ನಾಗಿ ಕೂತವು ಎಂದು ಬರೆದಿಲ್ಲ. ಹೊಲಿಯುವವಳಿಗೆ ಬೇಕಾದದ್ದು ಎರಡನೆಯ ಮಾತು. ಸಪ್ಟೆಂಬರಿನ ಗಂಟಿನ ನಂತರ ಬಂದ ಪತ್ರ ನಾಲ್ಕೇ ಸಾಲು, ಅದರಲ್ಲಿ ಎರಡು ಸಾಲು ನಮಸ್ಕಾರಕ್ಕೇ ಹೋಗಿದ್ದವು. ಮೊದಲು ‘ಅತ್ತೀ’ ಎಂದು ಸುರು ಮಾಡುತ್ತಿದ್ದವಳು ‘ತೀರ್ಥರೂಪ ಅತ್ತೆಯವರಿಗೆ’ ಎಂದು ಬರೆದಿದ್ದೆ. ನಾನೇನು ಮಾಡಿದೆ ಎಂದು ತಲೆ ಕೆಡಿಸಿಕೊಂಡೆ. ನಿನಗೆ ಏನೋ ರೋಗ ಹತ್ತಿದೆ, ಅದಕ್ಕೇ ಇಳಿಯುತ್ತಿದ್ದಾಳೆ, ಹೇಳುತ್ತಿಲ್ಲ ಎಂದು ಒಂದು ವಾರ ಅಂದುಕೊಂಡೆ. ಅಂಗಿಗಳನ್ನು ಬೇರೆ ಯಾರಿಗೋ ಕೊಟ್ಟಿದ್ದಾಳೆ ಎಂದು ಇನ್ನೊಂದು ವಾರ ಅಂದುಕೊಂಡೆ. ನನ್ನ ಸ್ವಭಾವ ನಿನಗೆ ಗೊತ್ತು, ಒಮ್ಮೆ ಸಂಶಯ ಬಂತೆಂದರೆ ಹಾಲಿನವನ ಮಾಪಿನಿಂದ ಹಿಡಿದು ದೇವರ ಮನೆಯ ಗಂಟೆಯವರೆಗೆ ಎಲ್ಲವನ್ನೂ ತಿರುಗಿಸಿ ನೋಡುವವಳು.

ಅಕ್ಟೋಬರಿನಲ್ಲಿ ನೀನು ಶ್ರೀಶೈಲನಿಗೆ ಫೋಟೋ ಕಳಿಸಿದೆ. ಕಿತ್ತಳೆ ಗಿಡಗಳ ನಡುವೆ ನಿಮ್ಮ ಪ್ರಾಧ್ಯಾಪಕರ ಪಕ್ಕದಲ್ಲಿ ನಿಂತಿದ್ದೀ. ನಾನು ಹೊಲಿದ ಏಳು ಅಂಗಿಗಳಲ್ಲಿ ಒಂದೂ ಮೈಮೇಲಿಲ್ಲ. ಅದೇ ಗಂಡಸರ ಅಂಗಿ, ಗುಂಡಿಗಳ ನಡುವೆ ಬಾಯಿ ಬಿಟ್ಟಿದೆ, ಒಂದು ಕೈಯಿಂದ ಎದೆಯ ಹತ್ತಿರ ಫೈಲು ಹಿಡಿದು ಮುಚ್ಚಿಕೊಂಡಿದ್ದೀ. ಮುಖ ಮೊದಲಿನಂತೆಯೇ ತುಂಬಿತ್ತು. ಇಳಿದವಳ ಮುಖ ಹಾಗಿರುವುದಿಲ್ಲ. ಆ ಫೋಟೋ ಮತ್ತು ಎರಡೂ ಚೀಟಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ದರ್ಜಿ ಚಾಂದಸಾಬನ ಅಂಗಡಿಗೆ ಹೋದೆ. ಅಂಚಿಗೆ ಇಂಟರ್‌ಲಾಕ್ ಹೊಡೆಸಲು ನಾನು ಯಾವಾಗಲೂ ಹೋಗುವುದು ಅವನಲ್ಲಿಗೇ. ಏಪ್ರಿಲ್ ಅಳತೆ, ಚೀಟಿಯ ಅಳತೆ ಎರಡನ್ನೂ ಓದಿ ಹೇಳಿದೆ. ಅವನು ಬಾಯಲ್ಲಿದ್ದ ದಾರ ತೆಗೆದು, ಭುಜದ ಅಂಕಿ ಇನ್ನೊಮ್ಮೆ ಹೇಳ್ರಿ ಎಂದ. ಹೇಳಿದೆ.

“ಬಾಯಾರ, ಮಾಂಸ ಕರಗತೈತಿ. ಎಲುಬು ಕರಗಿದ್ದು ನಾ ಎಲ್ಲೂ ಕಂಡಿಲ್ರಿ.”

ಸಾಲೆಯಲ್ಲಿ ಮೊದಲ ವಾರವೇ ನಾನು ಹುಡುಗಿಯರಿಗೆ ಹೇಳುತ್ತಿದ್ದ ಪಾಠ ಅದು. ಎದೆ, ಸೊಂಟ ಬದಲಾಗುತ್ತವೆ, ಭುಜ ಬದಲಾಗುವುದಿಲ್ಲ, ಅಲ್ಲಿಂದಲೇ ಅಂಗಿ ಸುರು ಮಾಡಿರಿ ಎನ್ನುತ್ತಿದ್ದೆ. ಚಾಂದಸಾಬನ ಮುಂದೆ ನಿಂತು ಅದನ್ನು ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅಂದರೆ ಚೀಟಿಯ ಅಳತೆ ನಿನ್ನ ಮೈಯದಲ್ಲ. ಹಾಗಾದರೆ ಯಾರದು? ಮನೆಗೆ ಬಂದು ಶ್ರೀಶೈಲನನ್ನು ಕೇಳಿದೆ, ಅವಳು ಅಳತೆ ಬರೆದು ಕಳಿಸಿದ ಕಾಗದ ಎಲ್ಲಿದೆ ಎಂದು. ಫೋನಿನಲ್ಲಿ ಹೇಳಿದಳು, ಕಾಗದ ಎಲ್ಲಿಂದ ಬರಬೇಕು ಎಂದ. ನಾಲ್ಕು ದಿನ ಬಿಟ್ಟು ಬೇರೆ ಮಾತಿನ ನಡುವೆ ಮತ್ತೆ ಕೇಳಿದೆ. ಕಾಗದ ಕಳೆಯಿತು ಎಂದ. ಎರಡು ಉತ್ತರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೆ.

ಆ ಹೊತ್ತಿಗೇ ಅವನು ಸುದ್ದಿ ತಂದ, ನೀನು ಡಿಸೆಂಬರ್ ಇಪ್ಪತ್ತೆಂಟಕ್ಕೆ ಟಿಕೀಟು ಮಾಡಿಸಿದ್ದೀ, ತರಬೇತಿ ಬಿಟ್ಟು ಬರುತ್ತೀ ಎಂದು. ಮಾರ್ಚಿಗೆ ವರ್ಷ ತುಂಬಿ ಸರ್ಟಿಫಿಕೀಟು ಸಿಗುತ್ತದೆ, ಫೆಬ್ರುವರಿಯಲ್ಲಿ ಎಲ್ಲರ ಮುಂದೆ ನಿಂತು ನಿನ್ನ ನಿಂಬೆರೋಗದ ಕೆಲಸ ವಿವರಿಸಬೇಕು ಎಂದು ನೀನೇ ಹೇಳಿದ್ದೆ. ಮೂರು ತಿಂಗಳಿಗಾಗಿ ಯಾರು ಬಿಟ್ಟು ಬರುತ್ತಾರೆ? ಯಾಕಂತೆ ಎಂದೆ. ಅಲ್ಲಿ ಒಗ್ಗಲಿಲ್ಲವಂತೆ ಎಂದ. ಹೇಳುವಾಗ ಅವನ ಮುಖದಲ್ಲಿ ಬೇಸರವಿರಲಿಲ್ಲ. ಆ ವಾರ ಮನೆಗೆ ಸುಣ್ಣ ಹೊಡೆಸಿದ, ನಿಮ್ಮ ಖೋಲಿಗೆ ಹೊಸ ಪಡದೆ ತಂದ. ಸಾಲೆಯಲ್ಲಿ ಕಳ್ಳತನ ಮಾಡಿದ ಹುಡುಗಿಯೇ ಎಲ್ಲರಿಗಿಂತ ಮೊದಲು ಕಸ ಹೊಡೆಯಲು ಏಳುತ್ತಿದ್ದಳು. ನಾನು ಪಡದೆ ನೋಡಿದೆ, ಮಗನನ್ನು ನೋಡಿದೆ.

ಅಷ್ಟರಲ್ಲಿ ಸಿಂದಗಿಯಲ್ಲಿ ನಮ್ಮ ಬಳಗದ ದಾನೇಶ್ವರಿಯ ಮಗಳ ಕುಬುಸ ಬಂತು. ಬಸುರಿ ಹುಡುಗಿಗೆ ಉಡಿ ತುಂಬಿ ಕುಪ್ಪಸ ಕೊಡುವ ಕಾರ್ಯ, ನಾನು ಹೋಗದೆ ನಡೆಯುತ್ತದೆಯೇ. ಯಂಕಂಚಿಯಿಂದ ನಿನ್ನ ಅವ್ವ ಸಿದ್ದವ್ವನೂ ಬಂದಿದ್ದಳು. ನಾನು ಹತ್ತಿರ ಹೋಗಿ ಕೂತರೆ ಅವಳು ಎದ್ದು ಆಚೆ ಕೂತಳು. ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂಡಿಸಿದರು, ಅವಳು ಎಲೆಯಿಂದ ಮುಖವೆತ್ತಲಿಲ್ಲ. ಕೈ ತೊಳೆಯುವ ಕಡೆ ಹಿಡಿದು ನಿಲ್ಲಿಸಿ, ಏನಾಯಿತು ಹೇಳಲೇಬೇಕು ಎಂದೆ. ನಿನ್ನ ಅವ್ವ ಎಷ್ಟು ಸಮಾಧಾನದ ಹೆಣ್ಣುಮಗಳು ನಿನಗೇ ಗೊತ್ತು. ಅಂಥವಳು ನನ್ನ ಕೈ ಕೊಸರಿದಳು.

“ಅಕ್ಕಾರ, ನನ್ನ ಮಗಳು ದಪ್ಪ ಅದಾಳಂತ ಲಗ್ನದ ದಿನಾನ ಅಂದ್ರಿ, ಕೇಳ್ಕೊಂಡ್ವಿ. ಈಗ ಪರದೇಶದಾಗ ಒಬ್ಬಾಕೀನ ಅದಾಳ. ಬೇಕಂತನ ಬಿಗಿ ಅರಿವಿ ಹೊಲಿದು ಕಳಿಸಿದ್ರ ಅಕಿ ಯಾರ ಮುಂದ ಹೇಳ್ಬೇಕ್ರಿ?”

ವಿಜಿ, ನಾನು ಆ ನಲ್ಲಿಯ ಹತ್ತಿರ ಒದ್ದೆ ಕೈಯಲ್ಲೇ ನಿಂತುಬಿಟ್ಟೆ. ಸಿದ್ದವ್ವ ಮೆಲ್ಲಗೆ ಎಲ್ಲ ಹೇಳಿದಳು. ಮೊದಲ ಗಂಟು ಬಂದ ದಿನ ನೀನು ಒಂದಾದ ಮೇಲೊಂದು ಎಲ್ಲ ಅಂಗಿ ಹಾಕಿ ನೋಡಿದೆಯಂತೆ, ಯಾವುದೂ ತೋಳು ದಾಟಲಿಲ್ಲವಂತೆ. ತಪ್ಪಾಗಿರಬೇಕೆಂದು ಎರಡನೆಯ ಸಲ ಅಳತೆಯನ್ನು ಇನ್ನಷ್ಟು ಬಿಡಿಸಿ ಕಳಿಸಿದೆಯಂತೆ, ಇನ್ನೂ ಬಿಗಿಯಾಗಿ ಬಂತಂತೆ. ಅತ್ತಿಯವರ ಕೈಗೆ ಅಳತೆ ತಪ್ಪುವುದಿಲ್ಲ ಅವ್ವ, ಇದು ನನಗೆ ಹೇಳಿ ಕಳಿಸಿದ ಮಾತು, ನೀನು ಇಷ್ಟಿರಬೇಕಿತ್ತು ಅಂತ ತೋರಿಸುತ್ತಿದ್ದಾರೆ ಎಂದು ಯಂಕಂಚಿಗೆ ಫೋನು ಮಾಡಿ ಕಣ್ಣೀರು ಹಾಕಿದೆಯಂತೆ. ಚಳಿ ಸುರುವಾದರೂ ಕೋಟಿಲ್ಲದೆ ತೋಟಕ್ಕೆ ಹೋಗುತ್ತೀಯಂತೆ. ಫೆಬ್ರುವರಿಯಲ್ಲಿ ಆ ಬಾಯಿಬಿಟ್ಟ ಅಂಗಿ ಹಾಕಿಕೊಂಡು ನೂರು ಮಂದಿಯ ಮುಂದೆ ನಿಲ್ಲುವುದು ನನ್ನಿಂದಾಗದು, ಅದಕ್ಕೇ ಬರುತ್ತೇನೆ ಎಂದೆಯಂತೆ. ನಿನ್ನ ಲೆಕ್ಕ ಸರಿಯೇ ಇತ್ತು. ನನ್ನ ಕೈಗೆ ಅಳತೆ ತಪ್ಪುವುದಿಲ್ಲ. ಚೀಟಿಯಲ್ಲಿ ಇದ್ದಂತೆ ದಾರದಷ್ಟೂ ತಪ್ಪದೆ ಹೊಲಿದಿದ್ದೆ. ಸಿದ್ದವ್ವನಿಗೆ ಆಗ ಏನೂ ಹೇಳಲಿಲ್ಲ, ಹೇಳಿದರೆ ಮಗನ ಮೇಲೆ ಹಾಕಿ ಪಾರಾಗುತ್ತಿದ್ದಾಳೆ ಎಂದಾಳು. ಕೈಯಲ್ಲಿ ಪುರಾವೆ ಇರಲಿಲ್ಲ.

ದೀಪಾವಳಿಗೆ ಎರಡು ದಿನವಿತ್ತು. ಶ್ರೀಶೈಲ ಹೊಲದ ಕಡೆ ಹೋದ ಹೊತ್ತು ನೋಡಿ, ಅಂಗಡಿಯ ಪೂಜೆಯ ತಯಾರಿ ನೋಡುವ ನೆಪದಲ್ಲಿ ನಾನು ಝಳಕಿ ಬಸ್ಸು ಹತ್ತಿದೆ. ನಮ್ಮ ಔಷಧ ಮತ್ತು ಪಂಪಿನ ಅಂಗಡಿಯಲ್ಲಿ ಗುಮಾಸ್ತ ಭೀಮಶ್ಯಾ ಹಳೆಯ ಫೈಲುಗಳನ್ನೆಲ್ಲ ಕೆಳಗಿಳಿಸಿ ಧೂಳು ಹೊಡೆಯುತ್ತಿದ್ದ. ಅವನ ಚಟ ನಿನಗೆ ಗೊತ್ತಲ್ಲ, ಮದುವೆಯ ಕರೆಯೋಲೆಯನ್ನೂ ತೂತು ಹೊಡೆದು ದಾರ ಪೋಣಿಸಿ ಇಡುವವನು. ಚಹಾ ಕುಡಿಯುತ್ತ, ಜಪಾನಿನಿಂದ ಫ್ಯಾಕ್ಸಿನಲ್ಲಿ ಏನಾದರೂ ಬರುತ್ತಿತ್ತೇನಪ್ಪ ಎಂದು ಮೆಲ್ಲಗೆ ಕೇಳಿದೆ. ಫೋನಿನಲ್ಲಿ ಹೇಳಿದಳು ಎಂಬುದನ್ನು ನಾನು ನಂಬಿರಲಿಲ್ಲ. ಇಂಚಿನ ಲೆಕ್ಕವನ್ನು ನೀನು ಬಾಯಲ್ಲಿ ಹೇಳುವವಳಲ್ಲ, ಬರೆದು ಅಡಿಗೆರೆ ಎಳೆಯುವವಳು. ಭೀಮಶ್ಯಾ ಲೋಟ ಕೆಳಗಿಟ್ಟು ಒಂದು ಫೈಲು ಎಳೆದುಕೊಂಡ.

“ಸಾವಕಾರ್ರು ಹರಿದು ಒಗಿ ಅಂದಿದ್ರಿ. ಕಾಗದ ಹರಿಯೂದು ನನ್ನ ಕೈಲೆ ಆಗೂದಿಲ್ರಿ, ಬಾಯಾರ.”

ಎರಡು ಹಾಳೆ ತೆಗೆದುಕೊಟ್ಟ. ಫ್ಯಾಕ್ಸಿನ ಆ ನುಣುಪು ಕಾಗದ ಹಳದಿಯಾಗಿ ಅಕ್ಷರ ಮಾಸಿದ್ದವು, ಆದರೂ ಬಾಗಿಲ ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು. ನಿನ್ನದೇ ಅಕ್ಷರ. ಎದೆ ನಲವತ್ತಾರು, ಭುಜ ಹದಿನಾರು, ತೋಳಿನ ಸುತ್ತು ಹದಿನಾರೂವರೆ. ಶ್ರೀಶೈಲನ ಮೊದಲ ಚೀಟಿ ಅದರ ಪಕ್ಕದಲ್ಲಿಟ್ಟೆ. ಎದೆಗೆ ನಾಲ್ಕು ಇಂಚು ಕಡಿಮೆ, ತೋಳಿಗೆ ಎರಡೂವರೆ. ಎರಡನೆಯ ಹಾಳೆಯಲ್ಲಿ ಅಂಕಿಗಳ ಕೆಳಗೆ ನೀನು ಬರೆದಿದ್ದೆ: ‘ಅತ್ತಿಯವರಿಗೆ ಹೇಳ್ರಿ, ತೋಳು ಸ್ವಲ್ಪ ಸಡಿಲ ಇರಲಿ. ಕೈ ಮೇಲೆ ಎತ್ತಿ ಟೊಂಗೆ ಹಿಡಿಯಬೇಕಾಗುತ್ತದೆ. ಅವರಿಗೆ ತ್ರಾಸು ಕೊಡುತ್ತಿದ್ದೇನೆ.’ ಆ ಮಾತು ನನಗೆ ಮುಟ್ಟಿರಲೇ ಇಲ್ಲ. ಭೀಮಶ್ಯಾ ಬೆನ್ನು ತಿರುಗಿಸಿ ಫೈಲು ಜೋಡಿಸುತ್ತ ನಿಂತ. ಒಳ್ಳೆಯ ಮನುಷ್ಯ.

ಮಧ್ಯಾಹ್ನ ಶ್ರೀಶೈಲ ಊಟಕ್ಕೆ ಬಂದ. ಅವನು ಉಂಡು ಮುಗಿಸುವವರೆಗೆ ಕಾದೆ. ತಾಟು ಎತ್ತಿ, ಅದೇ ಜಾಗದಲ್ಲಿ ಎರಡು ಫ್ಯಾಕ್ಸು, ಎರಡು ಚೀಟಿ ಇಟ್ಟೆ. ಇದರಲ್ಲಿ ಯಾವುದು ವಿಜಿಯ ಅಳತೆ ಎಂದು ಕೇಳಿದೆ. ಅವನು ಮೊದಲು ಕೇಳಿದ್ದು ಭೀಮಶ್ಯಾನನ್ನು ಯಾಕೆ ಮಾತಾಡಿಸಿದೆ ಎಂದು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಮೂರನೆಯ ಸಲಕ್ಕೆ ತಲೆ ತಗ್ಗಿಸಿದ. ಆಮೇಲೆ ಒಂದೊಂದೇ ಮಾತು ಹೊರಬಂತು. ಜೂನ್‌ನಲ್ಲಿ ಅಳತೆ ಬಂದ ದಿನವೇ ನೀನು ಫೋನಿನಲ್ಲಿ, ಪ್ರಾಧ್ಯಾಪಕರು ಇನ್ನೊಂದು ವರ್ಷ ಇರು ಎನ್ನುತ್ತಿದ್ದಾರೆ, ನೀವೇನು ಹೇಳುತ್ತೀರಿ ಎಂದು ಕೇಳಿದೆಯಂತೆ. ಅವನು ಇರು ಎಂದನಂತೆ, ನಕ್ಕುಕೊಂಡೇ ಎಂದನಂತೆ. ಫೋನು ಇಟ್ಟ ಮೇಲೆ ಆ ಚೀಟಿ ಬರೆದನಂತೆ.

“ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲವ್ವ. ನಾನ ಕಳಿಸೇನಿ, ನಾನ ಓದಸಾಕತ್ತೇನಿ ಅಂತ ಊರೆಲ್ಲಾ ಹೇಳ್ಕೊಂಡು ಅಡ್ಡಾಡಿದ್ದೆ. ಅರಿವಿ ಸರಿ ಆಗಲಿಲ್ಲಂದ್ರ ಬ್ಯಾಸತ್ತು ತಾನ ಬರ್ತಾಳ ಅಂದ್ಕೊಂಡೆ. ನಾಲ್ಕ ಇಂಚು, ಅಷ್ಟನ.”

ಅಂಗಡಿಗೆ ಬರುವ ಮಂದಿ ಹೆಂಡತಿ ಜಪಾನಿನಲ್ಲಿ, ನೀನು ಇಲ್ಲಿ ಪಂಪು ಮಾರುತ್ತ ಕೂತೆ ಎಂದು ಚಾಷ್ಟಿ ಮಾಡುತ್ತಿದ್ದರಂತೆ. ಮನೆಗೆ ಬಂದರೆ ಖಾಲಿ ಖೋಲಿಯಂತೆ. ಅವನ ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ, ತಾಯಿಗೆ ಅಷ್ಟು ತಿಳಿಯುತ್ತದೆ. ಆದರೆ ನನಗೆ ಇನ್ನೊಂದು ಗೊತ್ತಾಗಬೇಕಿತ್ತು.

“ಅಕಿ ನನ್ನ ಮ್ಯಾಲ ತಪ್ಪ ತಿಳ್ಕೊಂಡಿದ್ದು ನಿನಗ ಗೊತ್ತಿತ್ತೇನು?”

ಅವನು ಚೀಟಿಗಳನ್ನು ಬೋರಲಾಗಿ ತಿರುವಿಟ್ಟ.

“ಗೊತ್ತಿತ್ತವ್ವ.”

ಆ ಮಾತಿಗೆ ನಾನು ಎದ್ದು ಒಳಗೆ ಹೋದೆ. ನಿನ್ನನ್ನು ವಾಪಸು ಕರೆಸಿಕೊಳ್ಳಲು ಅವನು ನನ್ನ ಕೈಯ ಕೆಲಸವನ್ನೂ, ನಾನು ಹಿಂದೆ ಆಡಿದ ಕೆಟ್ಟ ಮಾತನ್ನೂ ಒಟ್ಟಿಗೆ ಬಳಸಿಕೊಂಡಿದ್ದ. ಬಾಯಿಬಿಟ್ಟು ನಿನಗೆ ಏನನ್ನೂ ಹೇಳಬೇಕಾಗಿರಲಿಲ್ಲ, ಅಂಗಿ ಬಿಗಿಯಾದರೆ ನೀನು ಯಾರನ್ನು ಅನುಮಾನಿಸುತ್ತೀ ಎಂಬುದು ಅವನಿಗೆ ಗೊತ್ತಿತ್ತು. ಅಂಥ ಮಾತು ನಾನು ಲಗ್ನದ ದಿನ ಆಡದಿದ್ದರೆ ಅವನ ಆಟ ನಡೆಯುತ್ತಿರಲಿಲ್ಲ. ಹಾಗಾಗಿ ಅವನನ್ನು ಬೈಯಲು ಕೂತರೆ ಅರ್ಧಕ್ಕೇ ನನ್ನ ಬಾಯಿ ಕಟ್ಟುತ್ತದೆ. ಮೂರು ದಿನ ಅವನೊಡನೆ ಮಾತಾಡಲಿಲ್ಲ. ದೀಪಾವಳಿ ಹಾಗೇ ಕಳೆಯಿತು. ನಾಲ್ಕನೆಯ ದಿನ, ವಿಜಿಗೆ ನೀನೇ ನಿನ್ನ ಬಾಯಿಂದ ಹೇಳಬೇಕು ಎಂದೆ. ಹೇಳುತ್ತೇನೆ ಎಂದ. ಹೋದ ರವಿವಾರ ನಿನ್ನ ಫೋನು ಬಂದಾಗ ವೈರು ಎಳೆದುಕೊಂಡು ಪಡಸಾಲೆಯ ಆಚೆ ಹೋಗಿ ಮಾತಾಡಿದ. ಬಂದು ಹೇಳಿದೆ ಎಂದ. ಅವಳೇನಂದಳು ಎಂದೆ, ಏನೂ ಅನ್ನಲಿಲ್ಲ ಎಂದ. ಇವತ್ತು ಬೆಳಿಗ್ಗೆ ನಿನ್ನ ಫೋನು ಬಂದಾಗಲೂ ಹಾಗೇ ಆಯಿತು. ಏನೂ ಅನ್ನದೆ ಇರುವ ಸುದ್ದಿಯೇ ಅದು? ನಾನು ನಂಬಲಿಲ್ಲ. ಅವನು ಹೇಳಿದ್ದರೆ ನೀನು ಈ ಪತ್ರವನ್ನು ಎರಡನೆಯ ಸಲ ಕೇಳಿದ ಸುದ್ದಿಯಂತೆ ಓದು. ಹೇಳದಿದ್ದರೆ, ನಾನು ಬರೆದದ್ದಕ್ಕೆ ಸಾಕ್ಷಿಯಾಗಿ ಎರಡು ಫ್ಯಾಕ್ಸು ಮತ್ತು ಎರಡು ಚೀಟಿ ಇದರ ಜೊತೆಗೇ ಇಟ್ಟಿದ್ದೇನೆ, ಹೋಲಿಸಿ ನೋಡು. ನನ್ನ ಮಾತನ್ನೂ ಸುಮ್ಮನೆ ನಂಬಬೇಕಿಲ್ಲ.

ಈ ಹತ್ತು ದಿನ ಹಗಲೆಲ್ಲ ಮಷೀನಿನ ಮುಂದೆ ಕೂತು ಐದು ಅಂಗಿ, ಐದು ಪೈಜಾಮ, ಒಂದು ಉಣ್ಣೆಯ ಕೋಟು ಹೊಲಿದಿದ್ದೇನೆ. ನೀಲಿ ಅಂಗಿ ಫೆಬ್ರುವರಿಯ ಕಾರ್ಯಕ್ರಮಕ್ಕೆಂದೇ ಮಾಡಿದ್ದು, ಅದಕ್ಕೆ ಇಳಕಲ್ಲಿನ ಸೀರೆಯ ಸೆರಗಿನಿಂದ ಕಾಲರಿಗೆ ಸಣ್ಣ ಪಟ್ಟಿ ಹಚ್ಚಿದ್ದೇನೆ. ಎಲ್ಲ ಅಂಗಿಗಳ ಕಂಕುಳಲ್ಲಿ ಚೌಕಾಕಾರದ ಒಂದು ತುಂಡು ಕೂಡಿಸಿದೆ. ಅದು ಚಾಂದಸಾಬ ಹೇಳಿಕೊಟ್ಟದ್ದು, ಅವನ ಅಜ್ಜ ಪೈಲವಾನರ ಅಂಗಿಗೆ ಹಾಗೇ ಹಾಕುತ್ತಿದ್ದನಂತೆ. ಕೈ ಎಷ್ಟು ಮೇಲೆತ್ತಿದರೂ ಅಂಗಿ ಮೇಲೇರುವುದಿಲ್ಲ, ಹರಿಯುವುದಿಲ್ಲ. ನಾನು ಇಷ್ಟು ವರ್ಷ ಕಲಿಸಿದೆ, ಇದು ನನಗೆ ಗೊತ್ತಿರಲಿಲ್ಲ. ಶ್ರೀಶೈಲ ಎರಡು ಸಲ ಬಂದು ಬಾಗಿಲಲ್ಲಿ ನಿಂತ. ಗುಂಡಿ ಹಚ್ಚಲೇ ಎಂದು ಕೇಳಿದ. ಬೇಡವೆಂದೆ. ಗಂಟು ವಿಜಾಪುರದ ದೊಡ್ಡ ಪೋಸ್ಟಿಗೆ ನಾನು ಒಯ್ಯುತ್ತೇನೆ ಎಂದ, ಅದೂ ಬೇಡವೆಂದೆ. ನಾಳೆ ಚಾಂದಸಾಬ ದಾರ ತರಲು ಹೊರಟಿದ್ದಾನೆ, ಅವನ ಜೊತೆ ನಾನೇ ಹೋಗಿ, ಪೋಸ್ಟಿನವರು ಶಿಕ್ಕಾ ಹೊಡೆಯುವುದನ್ನು ಕಣ್ಣಾರೆ ನೋಡಿ ಬರುತ್ತೇನೆ. ನಾಳಿದ್ದು ಯಂಕಂಚಿಗೆ ಹೋಗಿ ಸಿದ್ದವ್ವನ ಮುಂದೆ ಎಲ್ಲ ಹೇಳುತ್ತೇನೆ, ಲಗ್ನದ ದಿನದ ಮಾತಿಗೂ ಸೇರಿಸಿ ತಪ್ಪಾಯಿತು ಎನ್ನುತ್ತೇನೆ. ನಿನಗೆ ಅದನ್ನು ಕಾಗದದ ಮೇಲೆ ಬರೆದು ಮುಗಿಸುವುದು ಸರಿಯಲ್ಲ. ಎದುರಿಗೆ ಬಂದಾಗ ಹೇಳುತ್ತೇನೆ. ಆದರೂ ಸದ್ಯಕ್ಕೆ ಇಷ್ಟು ತಿಳಿದಿರಲಿ, ಆ ಬಿಗಿ ಅಂಗಿಗಳಲ್ಲಿ ನನ್ನ ಮಾತು ಯಾವುದೂ ಇರಲಿಲ್ಲ.

ನಿಮ್ಮ ಪ್ರಾಧ್ಯಾಪಕರಿಗೂ, ನಿನಗೆ ಕುರ್ಚಿ ಬಿಟ್ಟುಕೊಡುತ್ತಾಳೆಂದು ಬರೆದಿದ್ದೆಯಲ್ಲ, ಆ ಅಜ್ಜಿಗೂ ನನ್ನ ನಮಸ್ಕಾರ ತಿಳಿಸು. ಚಳಿಯಲ್ಲಿ ಕಿವಿ ಕಟ್ಟಿಕೋ. ಮನೆದೇವರು ನಿನ್ನ ಕೈಯ ಕಸಿಗಳನ್ನೂ ನಿನ್ನನ್ನೂ ಕಾಯಲಿ.

ಇಂತಿ ನಿನ್ನ ಅತ್ತೆ,
ಕಾಶೀಬಾಯಿ

ತಾ. ಕ. ಗಂಟು ಹೊಲಿಯುವ ಮುನ್ನ ಅವಸರದಲ್ಲಿ ಬರೆಯುತ್ತಿದ್ದೇನೆ. ಫ್ಯಾಕ್ಸಿನಲ್ಲಿ ನೀನು ಬರೆದ ಅಳತೆಯೂ ನಿಜವಲ್ಲ, ವಿಜಿ. ನಾನೇ ಟೇಪು ಹಿಡಿದಾಗ ನಲವತ್ತೇಳಿತ್ತು, ನೀನು ನಲವತ್ತಾರು ಬರೆದೆ. ಫೋಟೋ ನೋಡಿದರೆ ಇಳಿದಂತೆ ಇಲ್ಲ, ಒಂದಿಷ್ಟು ಏರಿದ್ದೀ. ನನಗೆ ಹೆದರಿ ಕಡಿಮೆ ಬರೆದೆ ಎಂದು ನನಗೆ ಅನಿಸಿದೆ. ಅದಕ್ಕೇ ಯಾರ ಚೀಟಿಯನ್ನೂ ನೋಡದೆ ನಲವತ್ತೆಂಟಕ್ಕೆ ಕತ್ತರಿಸಿದ್ದೇನೆ, ಒಳಗೆ ಎರಡು ಇಂಚು ಬಟ್ಟೆಯನ್ನೂ ಬಿಟ್ಟಿದ್ದೇನೆ. ಮೊದಲು ನೀಲಿ ಅಂಗಿ ಹಾಕಿಕೊಂಡು ಎರಡೂ ಕೈ ಮೇಲೆತ್ತಿ ನೋಡು. ಆಮೇಲೆ ಆ ಇಪ್ಪತ್ತೆಂಟರ ಟಿಕೀಟಿನ ವಿಚಾರ ಮಾಡು. ನಿನಗೇ ಬರಬೇಕು ಅನಿಸಿದರೆ ಬಾ, ಸ್ಟೇಶನ್ನಿಗೆ ನಾನೇ ಬರುತ್ತೇನೆ. ಅಂಗಿಯ ಸಲುವಾಗಿ ಮಾತ್ರ ಬರಬೇಡ.